ಸಪ್ಪಳ ಮಾಡದ ಫರಸಿ

ಟಕ್.

ಶಹಾಬಾದಿನ ನಮ್ಮ ಮನೆಯ ಬಾಗಿಲೊಳಗೆ ನೆಲಕ್ಕೆ ಹಾಸಿದ ಒಂದು ಫರಸಿಕಲ್ಲು ಸಡಿಲಾಗಿದೆ. ಕಾಲಿಟ್ಟರೆ ಮೂಲೆ ಎದ್ದು ಮತ್ತೆ ಕೂರುತ್ತದೆ. ಆ ಸಪ್ಪಳವಿಲ್ಲದೆ ಯಾರೂ ಒಳಗೆ ಬಂದವರಿರಲಿಲ್ಲ. ಅದನ್ನು ಕೂರಿಸಲು ಗೌಂಡಿಯನ್ನು ಕರೆಸಲಿಲ್ಲ, ಒಂಟಿ ಹೆಂಗಸಿಗೆ ಅದೇ ಕಾಲಿಂಗ್ ಬೆಲ್.

ನಾನು ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಓದಿ, ಮುಂದೆ ಇಂಗ್ಲಿಷ್ ಟೀಚರ್ ಆದವಳು. ಓಣಿಯವರು ಅದು ಕಂಡಿತು, ಇದು ಕಂಡಿತು ಎಂದರೆ "ನಾನ್‌ಸೆನ್ಸ್" ಎಂದು ಎದ್ದುಹೋಗುತ್ತಿದ್ದೆ. ಈಗ ಆ ಮಾತನ್ನು ನೀವು ನನಗೇ ಹೇಳಬಹುದು. ನಾನು ಬೇಸರಪಡುವುದಿಲ್ಲ.

ಶರಣಪ್ಪ ನನ್ನ ಅಕ್ಕನ ಮಗ. ಅಕ್ಕ ತೀರಿಕೊಂಡ ಮೇಲೆ ಮೌಶಿ, ಮೌಶಿ ಎನ್ನುತ್ತಾ ನನ್ನಲ್ಲೇ ಬೆಳೆದ. ಪಕ್ಕದೂರು ವಾಡಿಯಲ್ಲಿ ಅವನದೊಂದು ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜ್ ಇತ್ತು. ಸೈನ್ಯದ ಮೀಸಲು ಪಡೆಯಲ್ಲೂ ಇದ್ದ. ಕರೆ ಬಂದಾಗ ಗ್ಯಾರೇಜಿಗೆ ಬೀಗ ಹಾಕಿ, ಯೂನಿಫಾರ್ಮ್ ತೊಟ್ಟು ಹೊರಡುತ್ತಿದ್ದ. ಸೇತುವೆಗಳ ಕಾವಲು ಅವರ ಕೆಲಸ. ಕಾವಲಿನವನು ಬೂಟು ಕುಟ್ಟಬೇಕು, ಬಂದವರನ್ನು ಗದರಬೇಕು. ದೊಡ್ಡ ಗಂಟಲಿನ ಶರಣಪ್ಪನಿಗೆ ಅದನ್ನು ಕಲಿಸಬೇಕಾಗಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಆ ಪಡೆಗೆ ಹೊಸ ಕೆಲಸ ವಹಿಸಿದರು. ರಿಕಾನಸನ್ಸ್. ಎದುರಾಳಿಯ ಹತ್ತಿರ ತೆವಳಿ ಹೋಗಿ, ಎಲ್ಲ ನೋಡಿಕೊಂಡು, ಸುಳಿವು ಬಿಡದೆ ಮರಳಿ ವರದಿ ಕೊಡುವುದು. ಮೊದಲ ತಾಲೀಮಿನಲ್ಲಿ ಪೊದೆಯೊಳಗೆ ಮಲಗಿದ್ದಾಗ ಏನೋ ಸರಿದಾಡಿತಂತೆ. ಹಳೆಯ ರೂಢಿ, ಇವನು ಎದ್ದು ನಿಂತು "ಥಮ್! ಕೌನ್ ಆತಾ ಹೈ?" ಎಂದು ಗುಡುಗಿದ. ಬಂದದ್ದು ಒಂದು ಆಡು. ಇವನ ಜೊತೆಯವರೆಲ್ಲ ಸಿಕ್ಕಿಬಿದ್ದರು.

"ಮುಂದಿನ ಪರೀಕ್ಷೆದಾಗ ಫೇಲಾದ್ರ ಕಾಯಂ ಮನೀಗೆ ಕಳಸ್ತಾರಂತ ಮೌಶಿ," ಎಂದ ರಜೆಗೆ ಬಂದಾಗ.

"ಆಡು ಪಾಸಾತೇನಪಾ?" ಎಂದೆ.

"ನಗಬ್ಯಾಡ. ಮೈಮ್ಯಾಲಿನ ಆ ವರ್ದಿ ಹೋದ್ರ ನಾ ಬರೇ ಗ್ರೀಸ್ ಮೆತ್ತಿದ ಮನಷ್ಯಾ."

ರಜೆಯಿಡೀ ಅದೇ ಫರಸಿಯ ಮೇಲೆ ತಾಲೀಮು ಮಾಡಿದ. ನಾನು ಬಾಗಿಲಿಗೆ ಬೆನ್ನು ಮಾಡಿ ತೊಗರಿಬೇಳೆ ಹಸನು ಮಾಡುತ್ತಾ ಕೂರಬೇಕು, ಅವನು ಸದ್ದಿಲ್ಲದೆ ದಾಟಬೇಕು. ಬರಿಗಾಲಲ್ಲಿ ಬಂದ, ಮೊಣಕೈ ಮೇಲೆ ತೆವಳಿದ. ಟಕ್.

"ಕೇಳ್ತೇನ್ ಮೌಶಿ?"

"ಆಚೀ ಊರು ಗುಂಡಗುರ್ತಿ ತನಕಾ ಕೇಳ್ತಪಾ!"

ಒಮ್ಮೆಯೂ ಗೆಲ್ಲದೆ ಹೊರಟುಹೋದ.

ಪರೀಕ್ಷೆ ಯಾವ ದಿನವೆಂದು ನನಗೆ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ, ಕಣ್ಣು ಕುಕ್ಕುವ ಬಿಸಿಲು. ನೆಲ ಒರೆಸಿ, ಎಂದಿನಂತೆ ಬೆನ್ನು ಮಾಡಿ ಬೇಳೆ ಆರಿಸುತ್ತಿದ್ದೆ. ಯಾವ ಸದ್ದೂ ಆಗಲಿಲ್ಲ.

"ದಾಟಿದೆ ನೋಡ್ ಮೌಶಿ."

ತಿರುಗಿದೆ. ಫರಸಿಯ ಈಚೆ ಶರಣಪ್ಪ ನಿಂತಿದ್ದ. ಮೊಣಕಾಲಿಗೆ, ಮೊಣಕೈಗೆ ನಮ್ಮೂರಲ್ಲಿಲ್ಲದ, ಚಿಂಚೋಳಿ ಕಡೆ ಇರುವಂಥ ಕೆಂಪು ಮಣ್ಣು. ನಗುತ್ತಿದ್ದ. "ಬಂದ್ಯಾ? ಕುಂದ್ರು, ನೀರ್ ತರ್ತೀನಿ," ಎಂದು ಒಳಗೆ ಹೋದೆ. ಬೆಲ್ಲ, ನೀರು ಹಿಡಿದು ಬಂದರೆ ಯಾರೂ ಇಲ್ಲ. ಹೋಗುವಾಗಲೂ ಫರಸಿ ಸಪ್ಪಳ ಮಾಡಿರಲಿಲ್ಲ. ಇನ್ನೂ ಹಸಿಯಿದ್ದ ನೆಲದ ಮೇಲೆ ಒಂದು ಚಿಟಿಕೆ ಮಣ್ಣೂ ಇರಲಿಲ್ಲ.

ಸಂಜೆ ಫೋನು ಬಂತು.

"ಪಾಸಾದೆ ಮೌಶಿ! ಮಧ್ಯಾಹ್ನ ಬರೇ ಉಳ್ಳಾಡೋ ಕಲ್ಲಿನ ಜಾಗಾ ದಾಟೋದಿತ್ತು. ನಮ್ಮ ಫರಸಿನೇ ಅಂತ ತಿಳಕೊಂಡು ಕಣ್ಣು ಮುಚ್ಚಿ ದಾಟಿದೆ. ನೀ ಕುಂತಿದ್ದು ಖರೇನೇ ಕಂಡಂಗಾತು ನೋಡು. ಅಂದಂಗ, ಕನ್ನಡಕಕ್ಕ ಬಿಳೀ ದಾರ ಯಾಕ ಕಟ್ಟೀದಿ?"

ಕನ್ನಡಕದ ಕಡ್ಡಿ ಅಂದು ಬೆಳಿಗ್ಗೆಯೇ ಮುರಿದಿತ್ತು. ನಾನು ಯಾರಿಗೂ ಹೇಳಿರಲಿಲ್ಲ.

ಕೋಇನ್ಸಿಡೆನ್ಸ್ ಎಂದುಕೊಂಡೆ, ವಯಸ್ಸಾದವಳ ಭ್ರಮೆ ಎಂದುಕೊಂಡೆ. ಉಳಿದದ್ದೆಲ್ಲ ಹೇಗೋ ಹೊಂದುತ್ತದೆ, ಆ ದಾರವೊಂದು ಹೊಂದುವುದಿಲ್ಲ. ಈಗ ಅವನ ಫೋನೂ ಇಲ್ಲ. ಪಡೆಯವರನ್ನು ಕೇಳಿದರೆ ಕೆಲಸದ ಮೇಲಿದ್ದಾನೆ ಎನ್ನುತ್ತಾರೆ, ಅಷ್ಟೇ. ನಾನು ಬಾಗಿಲಿಗೆ ಮುಖ ಮಾಡಿ ಕೂರುತ್ತೇನೆ; ಕಿವಿಯನ್ನು ನಂಬುವುದು ಬಿಟ್ಟಿದ್ದೇನೆ.

ಪರೀಕ್ಷೆ ಪಾಸಾದ ಮೇಲೆ ಒಂದೇ ಸಲ ಮನೆಗೆ ಬಂದಿದ್ದ. ತಲೆ ಎತ್ತಿದರೆ ಎದುರಿಗಿದ್ದ, ಬಂದದ್ದು ಕೇಳಿಸಿರಲಿಲ್ಲ. ಊಟ ಮಾಡಿದ್ದೂ ಮೆಲ್ಲಗೆ, ಮಾತಾಡಿದ್ದೂ ಮೆಲ್ಲಗೆ.

"ಗಂಟಲಾ ಎಲ್ಲಿ ಬಿಟ್ಟು ಬಂದ್ಯೋ?" ಎಂದೆ.

"ರೂಢಿ ಆಗ್ಯಾದ ಮೌಶಿ."

ಎಲ್ಲಿಗೆ ಹೋಗುತ್ತಾನೆಂದು ಹೇಳಲಿಲ್ಲ. ಹೊರಡುವಾಗ ನಾನೇ ಅಂದೆ, "ಹೋಗೂವಾಗರೆ ಸಪ್ಪಳ ಮಾಡಿ ಹೋಗಪಾ." ನಕ್ಕ. ಹೆಗಲ ಮೇಲೆ ದೊಡ್ಡ ಚೀಲ, ಕಾಲಲ್ಲಿ ಬೂಟು. ನನ್ನ ಕಣ್ಣೆದುರಿಗೇ ಫರಸಿಯ ಮೂಲೆಯನ್ನು ಬಲವಾಗಿ ತುಳಿದ.

ಏನೂ ಕೇಳಿಸಲಿಲ್ಲ. ಅವನು ಕಲ್ಲನ್ನು ನೋಡಿದ, ನನ್ನನ್ನು ನೋಡಿದ. "ಬರ್ತೀನಿ ಮೌಶಿ," ಎಂದ.

ಅವನನ್ನು ಕಳಿಸಲು ನಾನೂ ಆ ಕಲ್ಲಿನ ಮೇಲೆ ಕಾಲಿಟ್ಟೆ. ಟಕ್. ಓಣಿಯ ತಿರುವಿನಲ್ಲಿದ್ದ ಶರಣಪ್ಪ ಆ ಸದ್ದಿಗೆ ಹೊರಳಿ ನೋಡಿ, ಕೈ ಎತ್ತಿದ. ನಾನು ಅವನನ್ನು ಕೊನೆಯ ಸಲ ಕಂಡದ್ದು ಆಗಲೇ.