ಕಪ್ಪು ಕಲೆಯ ರೊಟ್ಟಿ

ನಮ್ಮ ಕ್ರೈಸ್ತ ಸಭೆಗೆ ಹಿರಿಯರಾಗಿದ್ದ ಆ ಒಬ್ಬರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವರು ಮಣ್ಣು ಸೇರಿ ಎಷ್ಟೋ ಕಾಲವಾಯಿತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಬದುಕಿದ್ದಾಗ ಅವ್ವ ಬಯ್ಯಲು ಬಿಡಲಿಲ್ಲ, ಹಾಗಾಗಿ ಅದು ಹಾಗೇ ಉಳಿದಿದೆ.

ಶಿಗ್ಗಾಂವದಿಂದ ಹಾನಗಲ್ಲಿಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಎರಡನೇ ಮಹಾಯುದ್ಧದ ಕಾಲ. ಕ್ರೈಸ್ತರೆಂದರೆ ಬೆರಳೆಣಿಕೆಯ ಮನೆಗಳು, ನಾಡಹಂಚು ಹೊದಿಸಿದ ಒಂದು ಪ್ರಾರ್ಥನೆಯ ಮನೆ. ಬೋಧಕರು ಯಾವಾಗಲಾದರೊಮ್ಮೆ ಹುಬ್ಬಳ್ಳಿಯ ಕಡೆಯಿಂದ ಬಂದು ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಎಲ್ಲರೂ ಹಂಚಿ ತಿನ್ನುವ ವಿಧಿ, ನಡೆಸಿ ಹೋಗುವರು. ಉಳಿದ ದಿನವೆಲ್ಲ ಹಿರಿಯರದೇ ಕಾರುಬಾರು. ಯಾರು ಪಾಪಿ, ಯಾರು ಅರೆಪಾಪಿ ಎಂದು ಅವರೇ ತೂಗಿ ಹೇಳುವರು. ತಕ್ಕಡಿಯಲ್ಲಿ ತಮ್ಮನ್ನು ಮಾತ್ರ ಎಂದೂ ಇಟ್ಟುಕೊಂಡವರಲ್ಲ.

ಭೋಜನದ ರೊಟ್ಟಿ ಮಾಡುವುದು ಅವ್ವನ ಕೆಲಸ. ಜೋಳದ ರೊಟ್ಟಿ ಬಡಿಯುವ ನಮ್ಮ ಊರಲ್ಲಿ ಗೋದಿ ಹಿಟ್ಟಿನ ರೊಟ್ಟಿಯನ್ನು ಮೆತ್ತಗೆ ಮಾಡುವ ಕೈ ಅವಳೊಬ್ಬಳದೇ. ಆದರೆ ರೊಟ್ಟಿ ಬೇಯಿಸುವ ನಮ್ಮ ಮಣ್ಣಿನ ಹಂಚು ಬಿರುಕು ಬಿಟ್ಟಿತ್ತು. ಉರಿ ಅಲ್ಲಿಂದ ನುಗ್ಗಿ ಪ್ರತಿ ರೊಟ್ಟಿಯ ಅಂಚಿಗೂ ಒಂದು ಕಪ್ಪು ಕಲೆ ಮಾಡುತ್ತಿತ್ತು. ಹಿರಿಯರು ಪ್ರತಿ ಸಲ ಅದನ್ನು ಬೆಳಕಿಗೆ ಹಿಡಿದು ಮುಖ ಸಿಂಡರಿಸುವರು.

"ಕರ್ತನ ಮುಂದ ಇಡೋದು. ಕಲೆ ಇರಬಾರದವಾ."

"ಹೆಂಗಿದ್ರೂ ಮುರಿಯೋದ ಐತಲ್ರಿ," ಎಂದು ಅವ್ವ ನಗುವಳು. ನನಗೆ ಮಾತ್ರ ಲಟ್ಟಣಿಗೆಯಿಂದ ಅವರ ತಲೆಗೇ ಒಂದು ಕೊಡಬೇಕೆನಿಸುತ್ತಿತ್ತು.

ಸೀಗಿ ಹುಣ್ಣಿವೆಯ ದಿನ ನಮ್ಮ ಕಡೆಯ ರೈತರು ಹೊಲಕ್ಕೆ ಚರಗ ಚೆಲ್ಲುತ್ತಾರೆ. ಫಲ ಹೊತ್ತ ಭೂಮಿ ಬಸುರಿ, ಅವಳ ಬಯಕೆ ತೀರಿಸಬೇಕು. ಒಬ್ಬರು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಅಡಿಗೆ ಚೆಲ್ಲುತ್ತ ಮುಂದೆ ಹೋದರೆ, ಇನ್ನೊಬ್ಬರು "ಚಲ್ಲಾಂಬರಿಗೋ" ಎಂದು ಓಗೊಟ್ಟು ನೀರು ಚಿಮುಕಿಸುತ್ತ ಹಿಂದೆ ಬರಬೇಕು. ಒಬ್ಬರೇ ಮಾಡುವ ಕೆಲಸವಲ್ಲ. ಒಂದು ವರ್ಷ ಅವ್ವ ಯೇಸುವಿನ ಹೆಸರಿನಲ್ಲಿ ಪ್ರಾರ್ಥನೆ ಮಾಡಿಯೇ ಚೆಲ್ಲಿದಳು, ಹಿಂದೆ ನೀರಿನ ತಂಬಿಗೆ ಹಿಡಿದವಳು ನಾನು. ಪಕ್ಕದ ಹೊಲ ಹಿರಿಯರದು. ಅವರು ಬದುವಿನ ಮೇಲೆ ನಿಂತು ನೋಡಿದರು.

ಮುಂದಿನ ಭಾನುವಾರ ಎಲ್ಲರೆದುರು ಅವ್ವನನ್ನು ಎಬ್ಬಿಸಿದರು.

"ಸೈತಾನಗ ಉಣಿಸಿದೆ, ತಪ್ಪಾತು ಅನ್ನು."

"ಭೂಮಿಗೆ ಉಣಿಸೇನ್ರಿ. ಅದನ್ನ ಮಾಡಿದಾವ ದೇವ್ರಲ್ಲೇನ್ರಿ? ಬಸುರಿಗೆ ಎರಡು ತುತ್ತು ಕೊಟ್ರ ಅವಗ ಯಾಕ ಸಿಟ್ಟು ಬರತೈತಿ?"

ಅಲ್ಲಿಗೆ ಮುಗಿಯಿತು. ತಪ್ಪೊಪ್ಪಿಕೊಳ್ಳುವವರೆಗೆ ಅವ್ವನಿಗೆ ಕರ್ತನ ಭೋಜನವಿಲ್ಲ, ಬಾಗಿಲ ಹೊರಗೇ ಕೂಡಬೇಕು ಎಂದರು. ವಿಷಯ ತಿಳಿದ ಬೋಧಕರೂ ಹಿರಿಯರ ಮಾತಿಗೆ ತಲೆಯಾಡಿಸಿದರು. ಇಷ್ಟಾದ ಮೇಲೂ ಹಿರಿಯರು ಮನೆಗೆ ಬಂದು ಏನಂದರು ಗೊತ್ತೇ? "ರೊಟ್ಟಿ ಮಾತ್ರ ನೀನ ಮಾಡಿ ಕಳಸು. ಬ್ಯಾರೆಯವರು ಮಾಡಿದ್ದು ಚಕ್ಕಳ ಆಗತೈತಿ."

ಅವಳ ಕೈ ಬೇಕು, ಬಾಯಿ ಬೇಡ! ಇಂಥವರಿಗೆ ಬೂದಿ ಕಲಸಿ ಕಳಿಸು ಎಂದು ನಾನು ಕೂಗಾಡಿದೆ. ಅವ್ವ ಹಿಟ್ಟು ನಾದಿದಳು. ಕರ್ತನ ಭೋಜನವೆಂದರೆ ಅವಳಿಗೆ ಜೀವ. ಆ ಒಂದು ಚೂರಿಗಾಗಿ ಹಿಂದಿನ ದಿನದಿಂದ ಉಪವಾಸವಿರುವವಳು ಅವಳು.

ಆ ವರ್ಷ ನನಗೆ ಮೊದಲ ಭೋಜನ. ಬಾಯಿಗೆ ಹಾಕಿದಂತೆ ಮಾಡಿ ಅರ್ಧ ಚೂರನ್ನು ಮುಷ್ಟಿಯಲ್ಲಿ ಬಚ್ಚಿಟ್ಟು ತಂದು ಅವಳ ಮುಂದೆ ಹಿಡಿದೆ. ಅವ್ವನ ಕಣ್ಣು ತುಂಬಿದವು, ಆದರೆ ಕೈ ಚಾಚಲಿಲ್ಲ. "ಕದ್ದದ್ದು ಬ್ಯಾಡ ಮಗಳ. ಕೊಟ್ಟಾಗ ತಿಂತೇನಿ," ಎಂದಳು.

ಮರುವರ್ಷ ಮಳೆ ಹೆಚ್ಚಾಗಿ ಹಿರಿಯರ ಹೊಲದ ಬೆಳೆ ಹಳದಿ ತಿರುಗಿತು. ಸೀಗಿ ಹುಣ್ಣಿವೆಯ ಮುಂಜಾನೆ ನಾನೂ ಅವ್ವನೂ ಹೊಲಕ್ಕೆ ಹೋದಾಗ ಬದುವಿನಾಚೆ ಯಾರೋ ಕಳ್ಳದನಿಯಲ್ಲಿ "ಹುಲ್ಲುಲ್ಲಿಗೋ" ಎನ್ನುವುದು ಕೇಳಿಸಿತು. ಇಣುಕಿದರೆ, ನಮ್ಮ ಹಿರಿಯರು! ತಲೆಗೆ ಸುತ್ತಿದ ಟವೆಲಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು, ಬುಟ್ಟಿಯಿಂದ ಕಡುಬಿನ ಚೂರು ಚೆಲ್ಲುತ್ತಿದ್ದರು. ಹಿಂದೆ ಓಗೊಡುವವರು ಯಾರೂ ಇರಲಿಲ್ಲ.

ನನಗೆ ಹಬ್ಬವೇ ಆಯಿತು. "ತಡಿ ಅವ್ವಾ, ಎಲ್ಲಾರನ್ನೂ ಕರಕೊಂಡು ಬರ್ತೇನಿ," ಎಂದೆ.

ಅವ್ವ ನನ್ನ ಕೈಯಿಂದ ತಂಬಿಗೆ ಕಿತ್ತುಕೊಂಡಳು. ಬದು ದಾಟಿ ನೇರವಾಗಿ ಅವರ ಹಿಂದೆ ಹೋಗಿ ನಿಂತು, ನೀರು ಚಿಮುಕಿಸಿ, "ಚಲ್ಲಾಂಬರಿಗೋ" ಎಂದಳು.

ಹಿರಿಯರು ತಿರುಗಿ ನೋಡಿದರು. ಅವರ ಮುಖ ಬಿಳಿಚಿತು.

"ನಡೀರಿ. ಬಿಸಲು ಏರಾಕತ್ತೈತಿ," ಎಂದಳು ಅವ್ವ. ಇಬ್ಬರೂ ಹೊಲವನ್ನು ಪೂರ್ತಿ ಸುತ್ತಿದರು. ನಾನು ಬದುವಿನ ಮೇಲೆ ನಿಂತು ಹಲ್ಲು ಕಡಿದೆ.

ಮುಂದಿನ ಭೋಜನದ ದಿನ ಬೋಧಕರು ರೊಟ್ಟಿ ಮುರಿದು ತಟ್ಟೆಯನ್ನು ಹಿರಿಯರ ಕೈಗಿತ್ತರು. ಅವರು ಮುಂದಿನ ಸಾಲಿಗೆ ಹೋಗದೆ ನೇರವಾಗಿ ಬಾಗಿಲಿಗೆ ನಡೆದು ಅವ್ವನ ಮುಂದೆ ತಟ್ಟೆ ಹಿಡಿದರು. "ನಾನೂ ಚೆಲ್ಲೇನಿ," ಎಂದರು, ಎಲ್ಲರಿಗೂ ಕೇಳುವಂತೆ. ಬೋಧಕರು ತಡೆಯಲಿಲ್ಲ. ಅವ್ವ ಕಪ್ಪು ಕಲೆಯ ಚೂರನ್ನೇ ಆರಿಸಿ ತೆಗೆದುಕೊಂಡಳು.

ತಟ್ಟೆ ನನ್ನ ಮುಂದೆ ಬಂತು. ನಾನು ಕೈ ಕಟ್ಟಿಕೊಂಡು ಕೂತೆ. ಒಂದು ವರ್ಷ ಅವ್ವನನ್ನು ಹೊಸ್ತಿಲಾಚೆ ಕೂಡಿಸಿದ ಮನುಷ್ಯ ಎರಡು ಮಾತಿನಲ್ಲಿ ಒಳ್ಳೆಯವನಾಗಿಬಿಡುವುದೇ?

ಮನೆಯ ದಾರಿಯಲ್ಲಿ ಅವ್ವ ಕೇಳಿದಳು. "ಯಾಕ ತಗೋಳಲಿಲ್ಲ?"

"ಆ ಕೈಯಿಂದ ನನಗ ಬ್ಯಾಡ."

"ಹಂಗಾರ ಯಾರ ಕೈ ಸ್ವಚ್ಛ ಐತಿ ತೋರಸು. ಅವ್ರ ಕಡೆ ಇಸಗೊಂಡು ತಿನ್ನು."

ಅವ್ವ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಅರ್ಧ ಚೂರು ರೊಟ್ಟಿ, ಕಲೆಯ ಭಾಗ.

"ಇದು ಕದ್ದದ್ದಲ್ಲ. ನನಗ ಕೊಟ್ಟದ್ದು. ನಾ ನಿನಗ ಕೊಡಾಕತ್ತೇನಿ."

ಬಾಯಿಗೆ ಹಾಕಿಕೊಂಡೆ. ಕಹಿಯಾಗಿತ್ತು. ಹಿರಿಯರ ಮೇಲಿನ ಸಿಟ್ಟು ಎಳ್ಳಷ್ಟೂ ಇಳಿಯಲಿಲ್ಲ. ನುಂಗುವವರೆಗೂ ಅವ್ವ ನನ್ನ ಎದುರೇ ನಿಂತಿದ್ದಳು.