ನಾಲ್ಕನೇ ಗೇರಿಗೆ ಹಾಕಿದ ಕೈ

ಸಿಟ್ಟು ಬಂದರೆ ನಮ್ಮ ಅಪ್ಪ ಬೈಯುವುದಿಲ್ಲ, ಕಿವಿ ಮುಚ್ಚಿಕೊಳ್ಳುತ್ತಾರೆ. ನಾನು ಕಾರು ಓಡಿಸುವಾಗ ಹಳಿಯಾಳದಿಂದ ದಾಂಡೇಲಿ ಮುಟ್ಟುವುದರೊಳಗೆ ಹತ್ತು ಸಲವಾದರೂ ಅವರ ಕೈ ಕಿವಿಗೆ ಹೋಗುತ್ತಿತ್ತು. ಇಂಜಿನ್ ಕೂಗುತ್ತದಂತೆ. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಪ್ಪ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಯಾವ ಡ್ರೈವರ್ ಒಂದು ಲೀಟರ್ ಡೀಸೆಲ್‌ಗೆ ಎಷ್ಟು ಕಿಲೋಮೀಟರ್ ಓಡಿಸಿದ ಎಂದು ಡಿಪೋದ ಹಲಗೆಯ ಮೇಲೆ ಬರೆಯುತ್ತಿದ್ದರು. ಅಪ್ಪನ ಹೆಸರು ಯಾವಾಗಲೂ ಮೇಲಿನ ಸಾಲಿನಲ್ಲೇ. ಅವರ ಗುಟ್ಟು ಇಷ್ಟೇ: ಸ್ಟ್ಯಾಂಡಿನ ಗೇಟು ದಾಟುವುದರೊಳಗೆ ಮೂರನೇ ಗೇರು, ಊರು ಬಿಡುವ ಮೊದಲೇ ಟಾಪ್ ಗೇರು. ದೊಡ್ಡ ಡೀಸೆಲ್ ಇಂಜಿನ್ ಮೆಲ್ಲಗೆ ತಿರುಗುತ್ತಲೇ ಎಳೆಯುತ್ತದೆ, ಅದಕ್ಕೆ ಅದು ಸರಿ. ಕೆಲಸಕ್ಕೆ ಸೇರಿದ ಹೊಸ ಹುಡುಗರಿಗೆಲ್ಲ ಇದನ್ನೇ ಕಲಿಸಿ ಗುರುಗಳು ಎನಿಸಿಕೊಂಡರು.

ನನ್ನದು ಎಂಟುನೂರು ಸಿಸಿಯ ಹಳೇ ಪೆಟ್ರೋಲ್ ಕಾರು. ಜೋಯಿಡಾ ಕಡೆಯ ಹೈಸ್ಕೂಲಿಗೆ ವರ್ಗವಾದಾಗ, ಬಸ್ಸಿನ ಹೊತ್ತು ಶಾಲೆಯ ಗಂಟೆಗೆ ಹೊಂದದೆ, ನನ್ನ ಸಂಬಳದಲ್ಲಿ ಕೊಂಡದ್ದು. ಆಗ ನನಗೆ ಮೂವತ್ತೆಂಟು. ಆದರೂ ಕಾಡಿನ ದಾರಿಯಲ್ಲಿ ಒಬ್ಬಳೇ ಹೋಗಬೇಕಾದರೆ ಅಪ್ಪ ನನ್ನನ್ನು ಪಾಸು ಮಾಡಬೇಕಿತ್ತು. ಒಂದು ತಿಂಗಳು ಪಕ್ಕದಲ್ಲಿ ಕೂತು ನೋಡುತ್ತೇನೆ, ಸರಿಯಾಗಿ ಓಡಿಸಿದರೆ ಒಬ್ಬಳೇ ಹೋಗು, ಇಲ್ಲದಿದ್ದರೆ ಕಾರು ಮಾರು, ಕೆಲಸ ಬಿಟ್ಟು ಮನೆಯಲ್ಲಿರು ಎಂದರು. ದಿನವೂ ನನ್ನೊಂದಿಗೆ ಬಂದು, ಶಾಲೆ ಬಿಡುವ ತನಕ ಜೋಯಿಡಾದ ಚಹಾದಂಗಡಿಯಲ್ಲಿ ಕೂತು, ಸಂಜೆ ಮತ್ತೆ ಪಕ್ಕದ ಸೀಟಿಗೆ ಹಾಜರು. ಊರವರ ಬಾಯಲ್ಲಿ ಅದು ಮಗಳ ಮೇಲಿನ ಪ್ರೀತಿ. ನನಗೆ ಅದು ಪೊಲೀಸ್ ಕಾವಲು.

ಈ ಪುಟ್ಟ ಇಂಜಿನ್ನಿಗೆ ಜೀವ ಬರುವುದೇ ಅದು ಜೋರಾಗಿ ತಿರುಗಿದಾಗ. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಮುಂಡಗೋಡದ ನನ್ನ ಗೆಳತಿ ಒಂದು ಭಾನುವಾರ ಸನವಳ್ಳಿ ಕಡೆಯ ಖಾಲಿ ರಸ್ತೆಯಲ್ಲಿ ಮೊಬೈಲ್ ಹಿಡಿದು ಎಷ್ಟು ಹೊತ್ತು ಬೇಕೆಂದು ಲೆಕ್ಕ ನೋಡಿದಳು. ಅಪ್ಪನ ಹಾಗೆ ಮೂವತ್ತು ಕಿಲೋಮೀಟರ್ ವೇಗಕ್ಕೇ ಮೂರನೇ ಗೇರು, ನಲವತ್ತಕ್ಕೆ ನಾಲ್ಕು ಹಾಕಿದರೆ ಕಾರು ಅರವತ್ತು ಮುಟ್ಟುವಷ್ಟರಲ್ಲಿ ನಮಗೇ ಬೇಸರ ಬಂತು. ಎರಡನೇ ಗೇರನ್ನು ಐವತ್ತರ ತನಕ ಎಳೆದು ಆಮೇಲೆ ಮೂರಕ್ಕೆ ಹಾಕಿದರೆ ಅದರ ಅರ್ಧ ಹೊತ್ತೂ ಬೇಕಾಗಲಿಲ್ಲ. ಯಾವ ಗೇರು ಎಲ್ಲಿಯ ತನಕ ಎಂದು ಸ್ಪೀಡೋಮೀಟರಿನ ಅಂಚಿನಲ್ಲೇ ಸಣ್ಣ ಗುರುತುಗಳಿದ್ದವು. ಅಪ್ಪನಿಗೆ ತೋರಿಸಿದೆ. ಇಂಜಿನ್ ಬೇಗ ಹಾಳಾಗಿ ಹೊಸದು ಮಾರಾಟವಾಗಲಿ ಎಂದು ಕಂಪನಿಯವರು ಹಾಕಿದ್ದು ಅವು ಎಂದುಬಿಟ್ಟರು.

ಮೂರನೇ ವಾರ. ಕಬ್ಬಿನ ಹಂಗಾಮು. ದಾಂಡೇಲಿ ರಸ್ತೆಯಲ್ಲಿ ನಮ್ಮ ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಅದರ ಹಿಂದೆ ಬಹಳ ಹೊತ್ತಿನಿಂದ ತೆವಳುತ್ತ ನಾವು. ನೇರ ರಸ್ತೆ ಬಂತು, ಎದುರು ಯಾರೂ ಇರಲಿಲ್ಲ. ಎರಡನೇ ಗೇರಿಗೆ ಇಳಿಸಿ ಬಲಕ್ಕೆ ತೆಗೆದು ಆಕ್ಸಿಲರೇಟರ್ ಒತ್ತಿದೆ. ಕಾರು ಚಂದವಾಗಿ ಎಳೆಯಿತು. ಹಿಂದಿನ ಟ್ರೇಲರ್ ದಾಟಿದೆವು, ಮೀಟರು ನಲವತ್ತೈದು ತೋರಿಸುತ್ತಿತ್ತು. ಅಪ್ಪನ ಕೈ ಕಿವಿಗೆ ಹೋಯಿತು.

"ನಾಲ್ಕಕ್ಕ ಹಾಕು," ಎಂದರು.

ಹಾಕಿದೆ. ಯಾಕೆ ಹಾಕಿದೆ ಎಂದು ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ. ನಲವತ್ತು ಮಕ್ಕಳನ್ನು ಒಂದೇ ಮಾತಿಗೆ ಸುಮ್ಮನಾಗಿಸುವ ನಾನು, ಅಪ್ಪ ಅಂದ ಕೂಡಲೇ ಹತ್ತು ವರ್ಷದವಳಂತೆ ಕೇಳಿದೆ. ಇಂಜಿನ್ ಸದ್ದು ನಿಂತಂತಾಯಿತು. ಎಷ್ಟು ಒತ್ತಿದರೂ ಕಾರು ಕದಲಲೊಲ್ಲದು, ಪಕ್ಕದಲ್ಲಿ ಟ್ರ್ಯಾಕ್ಟರಿನ ದೊಡ್ಡ ಗಾಲಿ, ಮುಂದಿನ ತಿರುವಿನಿಂದ ಬಸ್ಸು. ಮತ್ತೆ ಎರಡಕ್ಕೆ ಎಳೆದು ಆಕ್ಸಿಲರೇಟರನ್ನು ನೆಲಕ್ಕೆ ತುಳಿದೆ. ಬಸ್ಸಿನವನು ಎರಡು ಗಾಲಿ ಮಣ್ಣಿಗಿಳಿಸಿ ನಿಲ್ಲಿಸಿದ್ದರಿಂದ ನಾವು ಉಳಿದೆವು.

ಕಾರು ಪಕ್ಕಕ್ಕೆ ಹಚ್ಚಿದೆ. ಬಸ್ಸಿನ ಡ್ರೈವರ್ ಬೈಯುತ್ತಲೇ ಓಡಿ ಬಂದ, ಅಪ್ಪನ ಮುಖ ಕಂಡ ಕೂಡಲೇ ಮೆತ್ತಗಾದ. ಅಪ್ಪನ ಕೈಯಲ್ಲೇ ಪಳಗಿದವನು. ಏನಾಯಿತು ಗುರುಗಳೇ ಎಂದು ಕೇಳಿದ. ಅಪ್ಪ ಕಿಟಕಿಯಿಂದ ಹೇಳಿದರು:

"ಹೆಣ್ಣುಮಗಳು ನೋಡಪಾ. ಆಕಿಗೆ ಗೇರು ಇನ್ನಾ ತಿಳಿದಿಲ್ಲ."

ಅವರೂ ಹೆದರಿದ್ದರು, ಬಾಯಿಗೆ ಬಂದದ್ದು ಅಂದರು ಎಂದು ಅವ್ವ ಆಮೇಲೆ ನೂರು ಸಲ ಹೇಳಿದಳು. ಇರಬಹುದು. ಸಾವಿನ ಬಾಯಿಂದ ಹೊರಗೆ ಬಂದ ಮಗಳ ತಲೆಯ ಮೇಲೆ ತಮ್ಮ ತಪ್ಪು ಹೊರಿಸಲು ಅವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ನಾನು ಇಳಿದು ಆ ಡ್ರೈವರಿಗೆ ಹೇಳಿದೆ:

"ತಪ್ಪು ನಂದ ಐತ್ರಿ ಅಣ್ಣಾರ. ಇವರ ಮಾತು ಕೇಳಿ ನಾಲ್ಕಕ್ಕ ಹಾಕಿದೆ."

ಆಮೇಲೆ ಆ ಕಡೆ ಹೋಗಿ ಅಪ್ಪನ ಬಾಗಿಲು ತೆರೆದೆ.

"ಬಸ್ಸು ಹಳಿಯಾಳಕ್ಕ ಹೊಂಟೈತಿ. ನೀವ ಮನೀಗೆ ಹೋಗ್ರಿ ಅಪ್ಪಾ."

ಬಸ್ಸಿನ ಕಿಟಕಿ ತುಂಬಾ ಜನ ನೋಡುತ್ತಿದ್ದರು. ಅಪ್ಪ ಇಳಿದು ಬಸ್ಸು ಹತ್ತಿದರು. ನನಗೆ ಕನಿಕರವೇನೂ ಹುಟ್ಟಲಿಲ್ಲ. ಜೋಯಿಡಾದ ತನಕ ಏರು ಬಂದಲ್ಲೆಲ್ಲ ಎರಡನೇ ಗೇರನ್ನು ಐವತ್ತಕ್ಕೆ ಎಳೆಯುತ್ತ, ಇಂಜಿನ್ನಿನ ಜೊತೆ ನಾನೂ ಬೈಯುತ್ತ ಹೋದೆ. ಪ್ರಾರ್ಥನೆಯ ಗಂಟೆಗೆ ಸರಿಯಾಗಿ ಮುಟ್ಟಿದೆ.

ಮರುದಿನದಿಂದ ಒಬ್ಬಳೇ ಹೋಗುತ್ತಿದ್ದೇನೆ. ಅಪ್ಪ ತಡೆಯಲಿಲ್ಲ, ತಪ್ಪಾಯಿತು ಎಂದೂ ಅನ್ನಲಿಲ್ಲ. ಆ ಬಸ್ಸು ವಾರಕ್ಕೆ ಎರಡು ಮೂರು ಸಲ ಎದುರಾಗುತ್ತದೆ. ನನ್ನ ಕಾರು ದೂರದಿಂದ ಕಂಡರೆ ಸಾಕು, ಆ ಡ್ರೈವರ್ ಲೈಟು ಹಾಕಿ, ವೇಗ ಇಳಿಸಿ, ಬಸ್ಸನ್ನು ಪೂರ್ತಿ ಮಣ್ಣಿಗಿಳಿಸಿ ನಿಲ್ಲುತ್ತಾನೆ. ಗೇರು ತಿಳಿಯದ ಹೆಣ್ಣುಮಗಳು ದಾಟಿ ಹೋಗಲಿ ಎಂದು ಕಾಯುತ್ತಾನೆ.