ಪುಷ್ಪಾ ಒಬ್ಬಳೇ ಹಾಡಿದ ನಾಟಕ

ಹನಗೋಡಿನ ಪುಷ್ಪಾ ಹದಿನಾರನೇ ವಯಸ್ಸಿನಿಂದ ಪೌರಾಣಿಕ ನಾಟಕಗಳಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದಳು. ಹುಣಸೂರು, ಪಿರಿಯಾಪಟ್ಟಣದ ಕಡೆ ಊರಿನ ಗಂಡಸರು ಸೇರಿ ನಾಟಕ ಕಲಿತರೆ ಹೆಣ್ಣು ಪಾತ್ರಕ್ಕೆ ಅವಳನ್ನು ಕರೆಸುತ್ತಿದ್ದರು. ಹಾಡು ಕಲಿಸುತ್ತಿದ್ದವನು ಹಾರನಹಳ್ಳಿಯ ಹಾರ್ಮೋನಿಯಂ ಮೇಷ್ಟ್ರು ಕಂಠಪ್ಪ. ಒಂದೇ ವ್ಯಾನಿನಲ್ಲಿ ಓಡಾಡುತ್ತ ಇಬ್ಬರೂ ಹತ್ತಿರವಾದರು. ಅವನು ತಾಳಿ ಕಟ್ಟಲಿಲ್ಲ. ಹುಣಸೂರಿನಲ್ಲಿ ಬಾಡಿಗೆ ಮನೆ ಮಾಡಿ ಹದಿನೇಳು ವರ್ಷ ಜೊತೆಗಿದ್ದರು.

ಅವಳಿಗೆ ನಲವತ್ತು ದಾಟಿದ ಮೇಲೆ ರಾಣಿ ಪಾತ್ರಕ್ಕೆ ಕರೆಯುವವರು ಕಡಿಮೆಯಾದರು. ಆಗ ಕಂಠಪ್ಪ ಅವಳಿಗೆಂದೇ ಒಂದು ಸಂಗೀತ ನಾಟಕ ಕಟ್ಟಿದ. ಒಂದು ಗಂಟೆ, ಒಬ್ಬಳೇ ಹೆಂಗಸು, ಮಾತೇ ಇಲ್ಲ, ಎಲ್ಲವೂ ಹಾಡು. ಬಿಟ್ಟುಹೋದ ಗಂಡನನ್ನು ಅವಳು ಒಂದು ಹಗಲು ಪೂರ್ತಿ ಕಾಯುತ್ತಾಳೆ. ಬೈಯುತ್ತಾಳೆ, ಬೇಡುತ್ತಾಳೆ, ಅವನ ಊಟಕ್ಕೆ ಎಲೆ ಹಾಕಿ ಕೊನೆಗೆ ತಾನೇ ಎತ್ತಿಡುತ್ತಾಳೆ. ಪುಷ್ಪಾ ಚೆನ್ನಾಗಿ ಹಾಡುತ್ತಿದ್ದಳು. ಮುಂದಿನ ಸಾಲಿನ ಹೆಂಗಸರು ಅತ್ತರೆ, ಮನೆಗೆ ಬಂದು ಇಬ್ಬರೂ ಅದನ್ನೇ ಹೇಳಿಕೊಂಡು ನಗುತ್ತಿದ್ದರು.

ಹೋದ ವರ್ಷ ಯುಗಾದಿ ಕಳೆದ ಮೇಲೆ ಕಂಠಪ್ಪ ಬಟ್ಟೆ ಗಂಟು ಕಟ್ಟಿದ. ಸರಗೂರಿನಲ್ಲಿ ಅವನ ಸೋದರಮಾವನ ಮಗಳಿದ್ದಳು, ಗಂಡ ಸತ್ತವಳು. ಅವಳೊಂದಿಗೆ ಮದುವೆ ನಿಶ್ಚಯವಾಗಿತ್ತು.

"ನಂಗೂ ವಯಸ್ಸಾಯ್ತು ಕಣಮ್ಮಿ. ನನ್ನದು ಅಂತ ಒಂದು ಮನೆ ಬ್ಯಾಡ್ವಾ?" ಅಂದ.

"ಇದು ಮನೆ ಅಲ್ವಾ ಮೇಷ್ಟ್ರೇ?"

ಅವನು ಹಾರ್ಮೋನಿಯಂ ಎತ್ತಿಕೊಂಡು ಹೋದ.

ನಾಲ್ಕು ತಿಂಗಳು ಅವಳು ಹಾಡಲಿಲ್ಲ. ಆಮೇಲೆ ಕೆ.ಆರ್. ನಗರದ ಒಂದು ಸಂಘದವರು ಆ ನಾಟಕವನ್ನೇ ಕೇಳಿದರು. ಕಾರ್ಯದರ್ಶಿ ಚನ್ನಬಸವಣ್ಣನಿಗೆ ಇಬ್ಬರೂ ಬೇರೆಯಾದ ವಿಷಯ ಗೊತ್ತಿರಲಿಲ್ಲ. ಆ ಹಾಡುಗಳ ಮಟ್ಟು ಬೇರೆ ಯಾರಿಗೂ ಬಾರದ್ದರಿಂದ ನುಡಿಸಲು ಕಂಠಪ್ಪನನ್ನೇ ಒಪ್ಪಿಸಿದ್ದ. ಪುಷ್ಪಾ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಎದುರಿಗೆ ಹೇಳಲಾಗದ್ದನ್ನು ಅವನು ಒಂದು ಗಂಟೆ ಕೂತು ಕೇಳಲೇಬೇಕಲ್ಲ ಎಂದುಕೊಂಡಳು. ಕೇಳಿದರೆ ವಾಪಸು ಬಂದಾನು ಎಂಬ ಆಸೆಯೂ ಒಳಗಿತ್ತು.

ಭಾನುವಾರ ಮಧ್ಯಾಹ್ನ, ಸಮುದಾಯ ಭವನ. ಅವಳು ಜನರ ಕಡೆ ತಿರುಗಲೇ ಇಲ್ಲ. ಹಾರ್ಮೋನಿಯಂ ಕಡೆಗೇ ಮುಖ ಮಾಡಿ ನಿಂತು ಹಾಡಿದಳು. ಬೇಡುವ ಹಾಡಿನಲ್ಲಿ ಅವಳ ದನಿ ಇಳಿದು ಸಾಲು ಅರ್ಧಕ್ಕೇ ನಿಂತಿತು. ಅವನು ಅದೇ ಸಾಲನ್ನು ಇನ್ನೊಮ್ಮೆ ನುಡಿಸಿ, ಅವಳು ಸೇರಿಕೊಳ್ಳುವವರೆಗೆ ಕಾದ. ಅವನ ಬೆರಳು ಎಲ್ಲೂ ತಪ್ಪಲಿಲ್ಲ. ಕೊನೆಯ ಹಾಡು ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಪರದೆಯ ಹಿಂದೆ ಅವಳು ಮುಖದ ಬಣ್ಣವನ್ನೂ ಒರೆಸದೆ ನಿಂತಿದ್ದಳು. ಕಂಠಪ್ಪ ಹತ್ತಿರ ಬಂದ.

"ಆ ಬೇಡೋ ಪದದಲ್ಲಿ ಶ್ರುತಿ ಇಳೀತು ಕಣಮ್ಮಿ. ನಾನು ಎಂಗೋ ಮುಚ್ಚಾಕ್ದೆ."

"ಬೇರೆ ಏನೂ ಕೇಳಿಸ್ನಿಲ್ವಾ ಮೇಷ್ಟ್ರೇ?"

ಅವನು ನಿಜವಾಗಿಯೂ ಯೋಚಿಸಿದ. "ಮಿಕ್ಕಿದ್ದೆಲ್ಲ ಚೆಂದಾಗೇ ಇತ್ತು ಬುಡು," ಎಂದು ಹೇಳಿ, ಸರಗೂರಿನ ಬಸ್ಸಿಗೆ ಹೊತ್ತಾಯಿತೆಂದು ಹೊರಟ.

ಆಮೇಲೆ ಎರಡು ಊರಿನವರು ಕರೆದರು. ಅವಳು ಹೋಗಲಿಲ್ಲ. "ಬಾಯ್ ತೆಗದ್ರೆ ಶ್ರುತಿ ಸರಿಯಾಯ್ತಾ ಅಂತ ಮಾತ್ರ ಕೇಳುಸ್ತದೆ. ಏನ್ ಹಾಡ್ತಾ ಇವ್ನಿ ಅಂತ ನಂಗೇ ತಿಳಿಯಕಿಲ್ಲ," ಎಂದು ಪಕ್ಕದ ಮನೆಯ ಭದ್ರಮ್ಮನಿಗೆ ಹೇಳಿದಳು.

ಈಗ ಆ ಮನೆ ಖಾಲಿ ಮಾಡಿ ತಮ್ಮನ ಮನೆ ಸೇರಿದ್ದಾಳೆ. ಬೆಳಗ್ಗೆ ಏಳಕ್ಕೆ ಹೊಗೆಸೊಪ್ಪಿನ ಕೆಲಸಕ್ಕೆ ಹೋಗಿ, ಹಸಿ ಸೊಪ್ಪನ್ನು ಒಣಗಿಸಲು ಕೋಲಿಗೆ ಕಟ್ಟುವ ಹೆಂಗಸರ ನಡುವೆ ಕೂರುತ್ತಾಳೆ. ಒಂದು ಪದ ಹೇಳಕ್ಕ ಎಂದು ಅವರು ಕೇಳಿದರೆ ಗಂಟಲು ಸರಿಯಿಲ್ಲ ಎನ್ನುತ್ತಾಳೆ. ಸೊಪ್ಪಿನ ಘಾಟಿಗಿರಬೇಕು ಎಂದು ಅವರು ಸುಮ್ಮನಾಗುತ್ತಾರೆ.